ಗುಲಾಮನಾಗಿ ಹುಟ್ಟಿದ ಗವರ್ನರ್: ತೂಸಾಂ ಲೂವರ್ತೂರ್

ಪ್ರೌಢಶಾಲೆಯ ಚರಿತ್ರೆ ಪುಸ್ತಕಗಳಲ್ಲಿ ಫ್ರಾನ್ಸಿನ ಮಹಾಕ್ರಾಂತಿಗೆ ಒಂದು ಪಾಠ, ನೆಪೋಲಿಯನ್ನನಿಗೆ ಇನ್ನೊಂದು ಪಾಠ ಇರುವುದು ವಾಡಿಕೆ. ಸ್ವಾತಂತ್ರ್ಯ, ಸಮಾನತೆ, ಸಹೋದರತೆ ಎಂಬ ಮೂರು ಪದಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಆ ಮೂರು ಪದಗಳು ತಮಗೂ ಸೇರಿದ್ದೆಂದು ನಂಬಿ ಅದಕ್ಕಾಗಿ ಪ್ರಾಣ ತೆತ್ತ ಫ್ರಾನ್ಸಿನದೇ ಗುಲಾಮರ ಕಥೆ ಪಾಠಗಳಲ್ಲಿ ಸಿಗುವುದು ಅಪರೂಪ. ಆ ಗುಲಾಮರ ನಾಯಕ ತೂಸಾಂ ಲೂವರ್ತೂರ್. ಬ್ರಿಟನ್, ಸ್ಪೇನ್, ಫ್ರಾನ್ಸ್ ಎಂಬ ಮೂರು ಸಾಮ್ರಾಜ್ಯಗಳ ಸೈನ್ಯಗಳು ಆತನನ್ನು ಎದುರಿಸಿದವು. ಆತನ ಬಳಿ ಹೇಳಿಕೊಳ್ಳುವಂತಹ ನೌಕಾಪಡೆ ಮಾತ್ರ ಎಂದೂ ಇರಲಿಲ್ಲ. ಸುತ್ತಲೂ ಸಮುದ್ರವಿರುವ ನಾಡಿನ ನಾಯಕನಿಗೆ ಅದೆಂತಹ ಕೊರತೆ ಎಂಬುದನ್ನು ಆತನ ಬದುಕೇ ಹೇಳುತ್ತದೆ.

ಭೂಪಟದಲ್ಲಿ ಕ್ಯೂಬಾದ ಪೂರ್ವಕ್ಕೆ ಹಿಸ್ಪಾನಿಯೋಲಾ ಎಂಬ ದೊಡ್ಡ ದ್ವೀಪವಿದೆ. 1697ರ ಒಪ್ಪಂದದಂತೆ ಅದರ ಪಶ್ಚಿಮದ ಮೂರನೇ ಒಂದು ಭಾಗ ಫ್ರಾನ್ಸಿಗೆ ಸೇರಿತು. ಉಳಿದದ್ದು ಸ್ಪೇನಿನ ಕೈಯಲ್ಲಿ ಉಳಿಯಿತು. ಫ್ರೆಂಚರು ತಮ್ಮ ಭಾಗವನ್ನು ಸಾಂ ದೊಮಾಂಗ್ ಎಂದು ಕರೆದರು. ಇಂದಿನ ಹೈಟಿ ಅದೇ. ಕಬ್ಬು, ಕಾಫಿ, ನೀಲಿ, ಹತ್ತಿ ಬೆಳೆಯುತ್ತಿದ್ದ ಈ ವಸಾಹತಿಗೆ ಆ ಕಾಲದಲ್ಲಿ ಜಗತ್ತಿನಲ್ಲಿ ಸಾಟಿ ಇರಲಿಲ್ಲ. ಯುರೋಪಿನವರು ಚಹಾ ಕಾಫಿಗೆ ಹಾಕಿಕೊಳ್ಳುತ್ತಿದ್ದ ಸಕ್ಕರೆಯಲ್ಲಿ ಸುಮಾರು ಶೇ. 40 ಇಲ್ಲಿಂದಲೇ ಹೋಗುತ್ತಿತ್ತು. ಕಾಫಿಯಂತೂ ಅರ್ಧಕ್ಕಿಂತ ಹೆಚ್ಚು. 1789ರ ಹೊತ್ತಿಗೆ ಅಲ್ಲಿ ಸುಮಾರು 30,000 ಬಿಳಿಯರು, ಹೆಚ್ಚುಕಡಿಮೆ ಅಷ್ಟೇ ಮಂದಿ ಸ್ವತಂತ್ರರಾದ ಮಿಶ್ರವರ್ಣೀಯರು ಮತ್ತು ಕರಿಯರು, ಸುಮಾರು 5 ಲಕ್ಷ ಗುಲಾಮರು ಇದ್ದರು. ಗುಲಾಮರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಫ್ರಿಕಾದಲ್ಲೇ ಹುಟ್ಟಿದವರು. ಹುಟ್ಟಿಗಿಂತ ಸಾವೇ ಹೆಚ್ಚಿದ್ದುದರಿಂದ ವರ್ಷ ವರ್ಷವೂ ಹಡಗು ತುಂಬ ಹೊಸಬರನ್ನು ತರಬೇಕಾಗುತ್ತಿತ್ತು. ಸಕ್ಕರೆಯ ಸಿಹಿಯ ಲೆಕ್ಕ ಹಾಕುವಾಗ ಈ ಲೆಕ್ಕವನ್ನೂ ಜೊತೆಗಿಟ್ಟು ನೋಡಬೇಕು.

ತೂಸಾಂ ಹುಟ್ಟಿದ್ದು ಸುಮಾರು 1743ರಲ್ಲಿ, ಉತ್ತರದ ದೊಡ್ಡ ಬಂದರು ಕಾಪ್ ಫ್ರಾಂಸೆಯ ಹತ್ತಿರ, ಬ್ರೆಡಾ ಎಂಬ ಕಬ್ಬಿನ ತೋಟದಲ್ಲಿ. ತಂದೆಯನ್ನು ಪಶ್ಚಿಮ ಆಫ್ರಿಕಾದ ಅಲ್ಲಾಡಾ ಸೀಮೆಯಿಂದ ಸೆರೆಹಿಡಿದು ತಂದಿದ್ದರು. ಆತ ಅಲ್ಲಿನ ಒಬ್ಬ ನಾಯಕನ ಮಗನೆಂದು ಮನೆಯವರು ಹೇಳಿಕೊಳ್ಳುತ್ತಿದ್ದರು. ಹುಡುಗ ಎಷ್ಟು ಬಡಕಲಾಗಿದ್ದನೆಂದರೆ ಜೊತೆಯವರು ಕಡ್ಡಿ ಎಂಬ ಅರ್ಥದ ಅಡ್ಡಹೆಸರಿಟ್ಟಿದ್ದರು. ಆದರೆ ಕುದುರೆ ಪಳಗಿಸುವುದರಲ್ಲಿ ಆತನನ್ನು ಮೀರಿಸುವವರಿರಲಿಲ್ಲ. ತೋಟದ ದನಕರು ನೋಡಿಕೊಳ್ಳುವ ಕೆಲಸದಿಂದ ಮೇಲೆ ಬಂದು ಮೇನೇಜರನ ಸಾರೋಟು ಓಡಿಸುವವನಾದ. ಗಿಡಮೂಲಿಕೆಗಳ ಔಷಧಿಯನ್ನೂ ಬಲ್ಲವನಾಗಿದ್ದ.

ಓದು ಬರಹ ಆತನಿಗೆ ಬಂದದ್ದು ಶಾಲೆಯಿಂದಲ್ಲ. ಪಿಯೇರ್ ಬತೀಸ್ತ್ ಎಂಬ ಹಿರಿಯನೊಬ್ಬ ಅಕ್ಷರ ಕಲಿಸಿದನೆಂದು ಪ್ರತೀತಿ. ಕೊನೆಯ ತನಕವೂ ಆತನ ಫ್ರೆಂಚ್ ಬರವಣಿಗೆಯಲ್ಲಿ ಕಾಗುಣಿತ ಸರಿಯಿರಲಿಲ್ಲ, ಕಿವಿಗೆ ಕೇಳಿದಂತೆ ಬರೆಯುತ್ತಿದ್ದ. ಹಾಗಾಗಿ ಮುಖ್ಯವಾದ ಪತ್ರಗಳನ್ನು ಗುಮಾಸ್ತರಿಗೆ ಹೇಳಿ ಬರೆಸಿ, ಓದಿಸಿ ಕೇಳಿ, ತನ್ನ ಅಭಿಪ್ರಾಯ ಸರಿಯಾಗಿ ಬರುವ ತನಕ ತಿದ್ದಿಸುತ್ತಿದ್ದ. ಅಧ್ಯಕ್ಷರಿಗೂ ಸೇನಾಪತಿಗಳಿಗೂ ಹೋದ ಆತನ ಪತ್ರಗಳೆಲ್ಲ ಹೀಗೆ ತಯಾರಾದವು. ಅಕ್ಷರದ ಬೆಲೆ ಏನೆಂಬುದು ಅದು ತಡವಾಗಿ ಸಿಕ್ಕಿದವನಿಗೆ ಚೆನ್ನಾಗಿ ಗೊತ್ತಿತ್ತು. ಅಧಿಕಾರಕ್ಕೆ ಬಂದ ಮೇಲೆ 1796ರಲ್ಲಿ ತನ್ನ ಮಕ್ಕಳಾದ ಪ್ಲಾಸಿದ್ ಮತ್ತು ಇಸಾಕ್ ಇಬ್ಬರನ್ನೂ ಓದಲು ಪ್ಯಾರಿಸಿಗೆ ಕಳುಹಿಸಿದ. ಆ ನಿರ್ಧಾರ ಮುಂದೆ ಆತನ ಕುತ್ತಿಗೆಗೇ ಬಂತು.

1776ರ ಹೊತ್ತಿಗಾಗಲೇ ತೂಸಾಂ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ್ದ. ಸ್ವಲ್ಪ ಕಾಲ ಒಂದು ಕಾಫಿ ತೋಟವನ್ನು, ಅದರ ಗುಲಾಮರ ಸಹಿತ, ಗೇಣಿಗೆ ಪಡೆದಿದ್ದ ಎಂಬುದಕ್ಕೆ ದಾಖಲೆ ಇದೆ. ಆತನನ್ನು ಹೊಗಳುವ ಹಲವು ಜೀವನಚರಿತ್ರೆಗಳು ಈ ವಿಷಯವನ್ನು ಹೇಳದೆ ಬಿಡುತ್ತವೆ. ಬಿಡಬೇಕಾದ ಕಾರಣವಿಲ್ಲ. ಆತ ಯಾವ ವ್ಯವಸ್ಥೆಯೊಳಗೆ ಬೆಳೆದವನು ಎಂಬುದು ಅದರಿಂದಲೇ ತಿಳಿಯುವುದು.

1791ರ ಆಗಸ್ಟ್ 22ರ ರಾತ್ರಿ ಉತ್ತರದ ಬಯಲಿನ ಗುಲಾಮರು ದಂಗೆಯೆದ್ದರು. ಕೆಲವೇ ದಿನಗಳಲ್ಲಿ ನೂರಾರು ಕಬ್ಬಿನ ತೋಟಗಳು ಉರಿದುಹೋದವು. ತೂಸಾಂ ಕೂಡಲೇ ದಂಗೆಗೆ ಧುಮುಕಲಿಲ್ಲ. ಮೊದಲು ತನ್ನ ಹಳೆಯ ಮೇನೇಜರನ ಕುಟುಂಬವನ್ನು ಸುರಕ್ಷಿತ ಜಾಗಕ್ಕೆ ತಲುಪಿಸಿದ. ಆಮೇಲೆ ಬಿಯಾಸು ಎಂಬ ನಾಯಕನ ಪಾಳೆಯ ಸೇರಿ ಗಾಯಾಳುಗಳ ವೈದ್ಯನಾದ, ಪತ್ರ ವ್ಯವಹಾರ ನೋಡಿಕೊಂಡ, ನಂತರ ತನ್ನದೇ ಒಂದು ಸಣ್ಣ ದಂಡನ್ನು ಕಟ್ಟಿ ಶಿಸ್ತು ಕಲಿಸಿದ. ಆಗ ಆತನಿಗೆ ಐವತ್ತರ ಹತ್ತಿರ ವಯಸ್ಸು.

1793ರಲ್ಲಿ ಫ್ರಾನ್ಸಿನ ದೊರೆಯ ಶಿರಚ್ಛೇದವಾಯಿತು. ಬ್ರಿಟನ್ ಮತ್ತು ಸ್ಪೇನ್ ಎರಡೂ ಫ್ರಾನ್ಸಿನೊಡನೆ ಯುದ್ಧಕ್ಕಿಳಿದವು. ಪಕ್ಕದ ಸ್ಪ್ಯಾನಿಷ್ ಭಾಗದ ಅಧಿಕಾರಿಗಳು ದಂಗೆಯ ನಾಯಕರಿಗೆ ಸಮವಸ್ತ್ರ, ಹಣ, ಮದ್ದುಗುಂಡು ಕೊಟ್ಟು ತಮ್ಮ ಕಡೆಗೆ ಸೆಳೆದರು. ತೂಸಾಂ ಸಹ ಸ್ಪೇನಿನ ಸೇವೆಗೆ ಸೇರಿದ. ಆ ವರ್ಷದ ಆಗಸ್ಟ್‌ನಲ್ಲಿ ಲೂವರ್ತೂರ್ ಎಂಬ ಹೆಸರನ್ನು ಇಟ್ಟುಕೊಂಡ. ತೆರೆಯುವಿಕೆ, ದಾರಿಯಾಗುವುದು ಎಂದು ಅದರ ಅರ್ಥ. ಇತ್ತ ಸೆಪ್ಟೆಂಬರಿನಲ್ಲಿ ಬ್ರಿಟಿಷರು ಜೆರೆಮಿ ಎಂಬಲ್ಲಿ ಇಳಿದರು. ಅಲ್ಲಿನ ತೋಟಗಳ ಮಾಲೀಕರೇ ಅವರನ್ನು ಕರೆಸಿಕೊಂಡಿದ್ದರು. ಹತ್ತಿರದ ಜಮೈಕಾದಲ್ಲಿ ಬ್ರಿಟಿಷರಿಗೂ ಲಕ್ಷಗಟ್ಟಲೆ ಗುಲಾಮರಿದ್ದರು. ಬೆಂಕಿ ಅಲ್ಲಿಗೆ ಹಾರಬಾರದೆಂಬ ಭಯ ಒಂದು ಕಡೆ, ಫ್ರೆಂಚರ ಸಕ್ಕರೆ ತಮ್ಮದಾಗಲಿ ಎಂಬ ಆಸೆ ಇನ್ನೊಂದು ಕಡೆ.

1794ರ ಫೆಬ್ರವರಿ 4ರಂದು ಪ್ಯಾರಿಸಿನ ಕ್ರಾಂತಿಕಾರಿ ಸಭೆ ಎಲ್ಲ ಫ್ರೆಂಚ್ ವಸಾಹತುಗಳಲ್ಲೂ ಗುಲಾಮಗಿರಿಯನ್ನು ರದ್ದುಮಾಡಿತು. ಸ್ಪೇನ್ ಮತ್ತು ಬ್ರಿಟನ್ ಗುಲಾಮಗಿರಿಯನ್ನು ಬಿಡುವವರಾಗಿರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ತೂಸಾಂ ತನ್ನ ಪಡೆಯೊಂದಿಗೆ ಫ್ರೆಂಚ್ ಗಣರಾಜ್ಯದ ಪಕ್ಷಕ್ಕೆ ಬಂದ. ಮುಂದಿನ ವರ್ಷ ಸ್ಪೇನ್ ಸಂಧಿ ಮಾಡಿಕೊಂಡು ಕಣದಿಂದ ಹೊರಗೆ ಹೋಯಿತು. ಬ್ರಿಟಿಷರೊಡನೆ ನಾಲ್ಕು ವರ್ಷ ಯುದ್ಧ ನಡೆಯಿತು. ಬ್ರಿಟಿಷರನ್ನು ಕತ್ತಿಗಿಂತ ಹೆಚ್ಚಾಗಿ ಕೊಂದದ್ದು ಹಳದಿ ಜ್ವರ. ಬಂದಿಳಿದ ಸಿಪಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲೇ ಮಣ್ಣಾದರು. ಕೊನೆಗೆ 1798ರಲ್ಲಿ ಜನರಲ್ ಮೈಟ್‌ಲೆಂಡ್, ಪ್ಯಾರಿಸಿನಿಂದ ಬಂದಿದ್ದ ಫ್ರೆಂಚ್ ಪ್ರತಿನಿಧಿಯನ್ನು ಬದಿಗಿಟ್ಟು, ನೇರವಾಗಿ ತೂಸಾಂನೊಡನೆ ಗುಟ್ಟಾಗಿ ಮಾತುಕತೆ ನಡೆಸಿ ದ್ವೀಪ ಬಿಟ್ಟು ಹೋದ. ಈ ಮೈಟ್‌ಲೆಂಡ್ ಮುಂದೆ 1805ರಲ್ಲಿ ಸಿಲೋನಿನ ಗವರ್ನರ್ ಆದವನು.

ಇಲ್ಲಿಂದ ಮುಂದಿನ ಕಥೆ ಬಹುಪಾಲು ಹಡಗುಗಳದ್ದು. ತೂಸಾಂನ ನಾಡಿನಲ್ಲಿ ಬೆಳೆಯುತ್ತಿದ್ದುದು ಸಕ್ಕರೆ ಮತ್ತು ಕಾಫಿ. ಪೇಟೆಗೂ ಸೈನ್ಯಕ್ಕೂ ಬೇಕಾದ ಗೋಧಿ ಹಿಟ್ಟು, ಉಪ್ಪುಮೀನು, ಉಪ್ಪು ಹಾಕಿದ ಮಾಂಸ, ಮರದ ಹಲಗೆ, ಬಂದೂಕು, ಮದ್ದು ಎಲ್ಲ ಹೊರಗಿನಿಂದ ಬರಬೇಕಿತ್ತು. ಅದರಲ್ಲಿ ಬಹುಭಾಗ ಅಮೆರಿಕ ಸಂಯುಕ್ತ ಸಂಸ್ಥಾನದ ಬಂದರುಗಳಿಂದ ಬರುತ್ತಿತ್ತು. 1798ರಲ್ಲಿ ಅಮೆರಿಕ ಮತ್ತು ಫ್ರಾನ್ಸ್ ನಡುವೆ ಸಮುದ್ರದ ಮೇಲೆ ಘೋಷಣೆಯಿಲ್ಲದ ಯುದ್ಧ ಶುರುವಾಗಿ, ಅಮೆರಿಕದ ಸರಕಾರ ಫ್ರೆಂಚ್ ವಸಾಹತುಗಳೊಡನೆ ವ್ಯಾಪಾರವನ್ನು ನಿಷೇಧಿಸಿತು. ಇತ್ತ ಜಮೈಕಾದ ಬ್ರಿಟಿಷ್ ಯುದ್ಧನೌಕೆಗಳು ಕ್ಯೂಬಾ ಮತ್ತು ಸಾಂ ದೊಮಾಂಗ್ ನಡುವಿನ ಕಿರಿದಾದ ಜಲಮಾರ್ಗದಲ್ಲಿ ತಿರುಗುತ್ತಾ ಸಿಕ್ಕಿದ ಫ್ರೆಂಚ್ ಹಡಗನ್ನೆಲ್ಲ ಹಿಡಿಯುತ್ತಿದ್ದವು. ಆ ಜಲಮಾರ್ಗದ ಬಾಯಲ್ಲಿರುವ ಮೋಲ್ ಸಾಂ ನಿಕೊಲಾ ಬಂದರನ್ನು ನಾವಿಕರು ಆ ಭಾಗದ ಜಿಬ್ರಾಲ್ಟರ್ ಎಂದೇ ಕರೆಯುತ್ತಿದ್ದರು. ದಿಗ್ಬಂಧನವೆಂದರೆ ಬಂದರಿನ ಮುಂದೆ ಹಡಗುಗಳ ಗೋಡೆ ನಿಲ್ಲಿಸುವುದಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಸರಕಿನ ಹಡಗು ಯಾವ ದಾರಿಯಲ್ಲಿ ಬಂದೇ ಬರಬೇಕು ಎಂದು ತಿಳಿದು, ಆ ದಾರಿಯಲ್ಲಿ ಕೆಲವೇ ವೇಗದ ನೌಕೆಗಳನ್ನು ತಿರುಗಾಡಿಸಿದರೆ ಸಾಕು. ಒಳಗಿರುವವರ ಅಂಗಡಿಗಳು ತಾವಾಗಿ ಬರಿದಾಗುತ್ತವೆ.

ತೂಸಾಂ ಇದನ್ನು ಸರಿಯಾಗಿ ಅರಿತಿದ್ದ. 1798ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಆಡಮ್ಸ್‌ಗೆ ಪತ್ರ ಬರೆದು, ತನ್ನ ದೂತನನ್ನೂ ಕಳುಹಿಸಿ, ವ್ಯಾಪಾರ ಮತ್ತೆ ಶುರುವಾಗಲಿ, ಅಮೆರಿಕದ ಹಡಗುಗಳಿಗೆ ತನ್ನ ಬಂದರುಗಳಲ್ಲಿ ರಕ್ಷಣೆ ಇದೆ ಎಂದು ತಿಳಿಸಿದ. ಅಮೆರಿಕದ ಸಂಸತ್ತು 1799ರ ಫೆಬ್ರವರಿಯಲ್ಲಿ ನಿಷೇಧದ ಕಾಯ್ದೆಯನ್ನು ಮುಂದುವರಿಸಿದರೂ, ತಕ್ಕ ನಡತೆ ತೋರಿಸುವ ವಸಾಹತಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಅಧ್ಯಕ್ಷರಿಗೆ ನೀಡಿತು. ಜನ ಅದನ್ನು ತೂಸಾಂ ಕಲಮು ಎಂದೇ ಕರೆದರು. 1799ರ ಜೂನ್ 13ರಂದು ಮೈಟ್‌ಲೆಂಡ್, ಅಮೆರಿಕದ ಕಾನ್ಸುಲ್ ಎಡ್ವರ್ಡ್ ಸ್ಟೀವನ್ಸ್ ಮತ್ತು ತೂಸಾಂ ನಡುವೆ ಒಪ್ಪಂದವಾಯಿತು. ಕಾಪ್ ಫ್ರಾಂಸೆ ಮತ್ತು ಪೋರ್ಟ್ ಓ ಪ್ರಿನ್ಸ್ ಬಂದರುಗಳು ಅಮೆರಿಕ ಮತ್ತು ಬ್ರಿಟನ್ನಿನ ವ್ಯಾಪಾರಕ್ಕೆ ತೆರೆದವು. ಅದಕ್ಕೆ ಬದಲಾಗಿ ತೂಸಾಂ ಜಮೈಕಾದ ತಂಟೆಗೆ ಹೋಗಬಾರದು, ತನ್ನ ನೌಕೆಗಳನ್ನು ಕರಾವಳಿಯಿಂದ ಹೆಚ್ಚು ದೂರ ಕಳುಹಿಸಬಾರದು.

ಇದಕ್ಕೆ ಸರಿಯಾಗಿ 40 ದಿನ ಮುಂಚೆ, 1799ರ ಮೇ 4ರಂದು, ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನರು ವೀರಮರಣ ಹೊಂದಿದ್ದರು. ಅದರ ಹಿಂದಿನ ವರ್ಷ ಮಂಗಳೂರಿನಲ್ಲಿ ಬಂದಿಳಿದ ಫ್ರೆಂಚ್ ಸಹಾಯ ನೂರು ಮಂದಿಯನ್ನೂ ದಾಟಿರಲಿಲ್ಲ. ಸಮುದ್ರ ಬ್ರಿಟಿಷರ ಕೈಯಲ್ಲಿರುವ ತನಕ ಫ್ರಾನ್ಸಿನ ಸ್ನೇಹ ಕಾಗದದ ಮೇಲಿನ ಸ್ನೇಹ ಎಂಬುದು ಮೈಸೂರಿಗೆ ಹೇಗೋ ಕೆರಿಬಿಯನ್ನಿಗೂ ಹಾಗೆಯೇ ಸತ್ಯವಾಗಿತ್ತು. ತೂಸಾಂ ಫ್ರಾನ್ಸಿನ ಧ್ವಜವನ್ನು ಇಳಿಸಲಿಲ್ಲ. ಆ ಧ್ವಜದ ಕೆಳಗೇ ಕುಳಿತು ಫ್ರಾನ್ಸಿನ ಶತ್ರುಗಳೊಡನೆ ಸ್ವಂತ ಒಪ್ಪಂದ ಮಾಡಿಕೊಂಡ.

ಈ ಒಪ್ಪಂದದ ಫಲ ಬೇಗನೆ ಕಂಡಿತು. ದಕ್ಷಿಣ ಭಾಗ ಆಗ ಮಿಶ್ರವರ್ಣೀಯ ಸೇನಾನಿ ರಿಗೋನ ಹಿಡಿತದಲ್ಲಿತ್ತು. ಇಬ್ಬರ ನಡುವೆ ಘೋರವಾದ ಅಂತರ್ಯುದ್ಧ ನಡೆಯಿತು. ಜಾಕ್‌ಮೆಲ್ ಬಂದರಿನ ಮುತ್ತಿಗೆಯಲ್ಲಿ ತೂಸಾಂನ ಸೈನ್ಯ ನೆಲದ ಕಡೆ ಸುತ್ತುವರಿದರೆ, ಅಮೆರಿಕದ ಯುದ್ಧನೌಕೆಗಳು ಸಮುದ್ರದ ಕಡೆಯಿಂದ ಸರಬರಾಜನ್ನು ತಡೆದವು. ಜನರಲ್ ಗ್ರೀನ್ ಎಂಬ ನೌಕೆ ರಿಗೋನ ಕೋಟೆಗಳ ಮೇಲೆ ಗುಂಡು ಹಾರಿಸಿತು. ಊರೊಳಗೆ ಹಸಿವು ತಾಳಲಾರದ ಸ್ಥಿತಿ ಬಂತು. 1800ರ ಮಾರ್ಚಿನಲ್ಲಿ ಜಾಕ್‌ಮೆಲ್ ಬಿತ್ತು, ಕೆಲವು ತಿಂಗಳಲ್ಲಿ ರಿಗೋ ಫ್ರಾನ್ಸಿಗೆ ಓಡಿದ. ಆದರೆ ಬ್ರಿಟಿಷರ ನಡತೆ ನೋಡಿ. ಒಪ್ಪಂದ ಮಾಡಿಕೊಂಡಿದ್ದರೂ ಅವರ ನೌಕಾಪಡೆ ತೂಸಾಂನ ಶಸ್ತ್ರಸಜ್ಜಿತ ಹಡಗುಗಳನ್ನೇ ಹಿಡಿದು ಜಮೈಕಾಕ್ಕೆ ಒಯ್ದಿತು. ಕರಿಯರಿಗೆ ಒಂದು ನೌಕಾಪಡೆ ಇರುವುದು ಅವರಿಗೆ ಬೇಡವಾಗಿತ್ತು.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಜಮೈಕಾದ ಗುಲಾಮರನ್ನು ಎಬ್ಬಿಸಲು ಫ್ರೆಂಚ್ ಪ್ರತಿನಿಧಿ ರೂಮ್ ಯೋಜನೆ ಹಾಕಿದ್ದ. ಅದಕ್ಕಾಗಿ ಹೋದ ಸಾಸ್ಪೋರ್ತಾಸ್ ಎಂಬ ಯುವಕ ಸಿಕ್ಕಿಬಿದ್ದು 1799ರ ಡಿಸೆಂಬರಿನಲ್ಲಿ ಕಿಂಗ್‌ಸ್ಟನ್‌ನಲ್ಲಿ ನೇಣಿಗೇರಿದ. ಆ ಯೋಜನೆಯ ಸುಳಿವನ್ನು ಬ್ರಿಟಿಷರಿಗೆ ಕೊಟ್ಟದ್ದು ತೂಸಾಂ. ತನ್ನ ನಾಡಿನ ಅನ್ನದ ದಾರಿ ಮುಚ್ಚಬಾರದೆಂದು ನೆರೆಯ ದ್ವೀಪದ ಗುಲಾಮರ ಬಿಡುಗಡೆಯನ್ನು ಆತ ಬಿಟ್ಟುಕೊಟ್ಟ. ದಿಗ್ಬಂಧನದ ಭಯ ಮನುಷ್ಯನಿಂದ ಏನೆಲ್ಲ ಮಾಡಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ನನಗೆ ಗೊತ್ತಿಲ್ಲ.

1801ರ ಜನವರಿಯಲ್ಲಿ ಸ್ಪ್ಯಾನಿಷ್ ಭಾಗವನ್ನೂ ವಶಪಡಿಸಿಕೊಂಡ ತೂಸಾಂ ಇಡೀ ದ್ವೀಪದ ಒಡೆಯನಾದ. ಜುಲೈ ತಿಂಗಳಲ್ಲಿ ಹೊಸ ಸಂವಿಧಾನ ಹೊರಟಿತು. ಗುಲಾಮಗಿರಿ ಶಾಶ್ವತವಾಗಿ ರದ್ದು, ಬಣ್ಣದ ಕಾರಣಕ್ಕೆ ಯಾರಿಗೂ ಯಾವ ಹುದ್ದೆಯೂ ನಿಷಿದ್ಧವಲ್ಲ ಎಂದು ಅದು ಸಾರಿತು. ಅದರೊಂದಿಗೇ ತೂಸಾಂನನ್ನು ಜೀವಮಾನ ಪೂರ್ತಿ ಗವರ್ನರ್ ಎಂದೂ ಘೋಷಿಸಿತು. ಬಂದೂಕು ಮದ್ದು ಕೊಳ್ಳಲು ಹಣ ಬೇಕು, ಹಣಕ್ಕೆ ಸಕ್ಕರೆ ಬೇಕು, ಸಕ್ಕರೆಗೆ ತೋಟದಲ್ಲಿ ಕೈಗಳು ಬೇಕು ಎಂಬ ಲೆಕ್ಕದಲ್ಲಿ, ಬಿಡುಗಡೆಯಾದ ಕೂಲಿಗಳನ್ನು ಸೈನ್ಯದ ಕಟ್ಟುನಿಟ್ಟಿನಲ್ಲಿ ಅವವೇ ತೋಟಗಳಿಗೆ ಕಟ್ಟಿಹಾಕಿದ. ಕೂಲಿಗೆ ಬೆಳೆಯ ನಾಲ್ಕನೇ ಒಂದು ಪಾಲು ಸಿಗುತ್ತಿತ್ತು ನಿಜ, ಆದರೆ ತೋಟ ಬಿಟ್ಟು ಹೋಗುವ ಸ್ವಾತಂತ್ರ್ಯ ಇರಲಿಲ್ಲ. ತಮಗೊಂದು ತುಂಡು ಭೂಮಿ ಸಿಗುವುದೇ ಸ್ವಾತಂತ್ರ್ಯ ಎಂದುಕೊಂಡಿದ್ದ ಜನ ಬೇಸತ್ತರು. ಅಕ್ಟೋಬರಿನಲ್ಲಿ ಉತ್ತರದಲ್ಲಿ ದಂಗೆಯಾಯಿತು. ಅದರ ಹಿಂದೆ ಇದ್ದಾನೆಂದು ತನ್ನ ಸಾಕುಸೋದರಳಿಯ ಜನರಲ್ ಮೊಯಿಸ್‌ನನ್ನೇ ತೂಸಾಂ ಗುಂಡಿಕ್ಕಿ ಕೊಲ್ಲಿಸಿದ. ಫ್ರೆಂಚರು ಬಂದಾಗ ಜನ ಆತನ ಬೆನ್ನಿಗೆ ಒಗ್ಗಟ್ಟಾಗಿ ನಿಲ್ಲದಿರಲು ಇದೂ ಒಂದು ಕಾರಣ.

ಅಷ್ಟರಲ್ಲಿ ಯುರೋಪಿನಲ್ಲಿ ಗಾಳಿ ಬದಲಾಯಿತು. 1801ರ ಅಕ್ಟೋಬರ್ 1ರಂದು ಬ್ರಿಟನ್ ಮತ್ತು ಫ್ರಾನ್ಸ್ ಶಾಂತಿಯ ಕರಡಿಗೆ ಸಹಿ ಹಾಕಿದವು. ಪೂರ್ಣ ಒಪ್ಪಂದ 1802ರ ಮಾರ್ಚಿನಲ್ಲಿ ಆಮಿಯೆನ್ ಎಂಬಲ್ಲಿ ಆಯಿತು. ಬ್ರಿಟನ್ನಿನ ಪರವಾಗಿ ಅದಕ್ಕೆ ಸಹಿ ಹಾಕಿದವನು ಕಾರ್ನ್‌ವಾಲಿಸ್, ಅಂದರೆ 1792ರಲ್ಲಿ ಟಿಪ್ಪು ಸುಲ್ತಾನರ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಂಡೊಯ್ದ ಅದೇ ಕಾರ್ನ್‌ವಾಲಿಸ್. ಲೋಕಕ್ಕೆ ಶಾಂತಿ ಒಳ್ಳೆಯ ಸುದ್ದಿ, ತೂಸಾಂಗೆ ಅದು ಮರಣಶಾಸನ. ಏಕೆಂದರೆ ಅಲ್ಲಿಯ ತನಕ ಫ್ರಾನ್ಸಿನ ದೊಡ್ಡ ಸೈನ್ಯ ಅಟ್ಲಾಂಟಿಕ್ ದಾಟದಂತೆ ತಡೆದಿದ್ದುದು ಬ್ರಿಟಿಷ್ ನೌಕಾಪಡೆ. ಈಗ ನೆಪೋಲಿಯನ್ ಕೇಳಿದ, ಬ್ರಿಟಿಷರು ಅಡ್ಡಿ ಮಾಡಲಿಲ್ಲ. ಜಮೈಕಾದ ಪಕ್ಕದಲ್ಲಿ ಕರಿಯರ ರಾಜ್ಯ ಇಲ್ಲವಾಗುವುದು ಅವರಿಗೂ ಇಷ್ಟವೇ ಆಗಿತ್ತು.

ನೆಪೋಲಿಯನ್ನನ ತಂಗಿಯ ಗಂಡ ಜನರಲ್ ಲೆಕ್ಲೇರ್ 1801ರ ಡಿಸೆಂಬರಿನಲ್ಲಿ ಹೊರಟ. ಮೊದಲ ಕಂತಿನಲ್ಲೇ ಸುಮಾರು 20,000 ಸೈನಿಕರು. ಅದೇ ದಂಡಯಾತ್ರೆಯ ಜೊತೆಯಲ್ಲಿ ಪ್ಯಾರಿಸಿನಲ್ಲಿ ಓದುತ್ತಿದ್ದ ತೂಸಾಂನ ಇಬ್ಬರು ಮಕ್ಕಳೂ ಅವರ ಉಪಾಧ್ಯಾಯರೂ ಇದ್ದರು. 1802ರ ಫೆಬ್ರವರಿಯ ಆರಂಭದಲ್ಲಿ ಹಡಗುಗಳು ಕಾಪ್ ಫ್ರಾಂಸೆಯ ಮುಂದೆ ಬಂದಾಗ ಅಲ್ಲಿನ ಸೇನಾಧಿಕಾರಿ ಕ್ರಿಸ್ತೋಫ್ ಇಡೀ ಊರಿಗೆ ಬೆಂಕಿ ಇಟ್ಟ. ಶತ್ರುವಿಗೆ ಸಿಕ್ಕಿದ್ದು ಬೂದಿ.

ಎನ್ನೆರಿಯ ಮನೆಯಲ್ಲಿ ಮಕ್ಕಳನ್ನು ತಂದೆಗೆ ತೋರಿಸಲಾಯಿತು. ಆರು ವರ್ಷಗಳ ನಂತರದ ಭೇಟಿ. ಶರಣಾದರೆ ಮಕ್ಕಳು ನಿನ್ನ ಬಳಿ, ಇಲ್ಲವಾದರೆ ಇಲ್ಲ ಎಂಬುದು ಅದರ ಹಿಂದಿದ್ದ ಸಂದೇಶ. ತೂಸಾಂ ಕಣ್ಣೀರಿಟ್ಟ, ಆದರೆ ಬಗ್ಗಲಿಲ್ಲ. ಯಾವ ಕಡೆ ಇರಬೇಕೆಂಬ ತೀರ್ಮಾನವನ್ನು ಮಕ್ಕಳಿಗೇ ಬಿಟ್ಟ. ಹೊಟ್ಟೆಯಲ್ಲಿ ಹುಟ್ಟಿದ ಇಸಾಕ್ ಫ್ರಾನ್ಸನ್ನು ಆರಿಸಿಕೊಂಡ. ಹೆಂಡತಿಯ ಮೊದಲ ಮಗ ಪ್ಲಾಸಿದ್ ಸಾಕಿದ ತಂದೆಯ ಜೊತೆ ನಿಂತು ಸೈನ್ಯ ಸೇರಿದ.

ಮೂರು ತಿಂಗಳ ಯುದ್ಧದಲ್ಲಿ ಕ್ರಿಸ್ತೋಫ್ ಮೊದಲು ಶರಣಾದ. ಮೇ ತಿಂಗಳಲ್ಲಿ ತೂಸಾಂ ಕೂಡ ಷರತ್ತಿನ ಮೇಲೆ ಆಯುಧ ಕೆಳಗಿಟ್ಟು ಎನ್ನೆರಿಯ ತೋಟಕ್ಕೆ ಹಿಂದಿರುಗಿದ. ಮಳೆಗಾಲ ಬರಲಿ, ಹಳದಿ ಜ್ವರ ತನ್ನ ಕೆಲಸ ಮಾಡಲಿ ಎಂದು ಕಾಯುತ್ತಿದ್ದನೆಂದು ಹಲವು ಇತಿಹಾಸಕಾರರ ಊಹೆ. ಫ್ರೆಂಚರು ಕಾಯಲು ಬಿಡಲಿಲ್ಲ. ಜೂನ್ 7ರಂದು ಮಾತುಕತೆಗೆಂದು ಜನರಲ್ ಬ್ರುನೆ ಕರೆಸಿಕೊಂಡು, ಬಂದವನನ್ನು ಸೆರೆಹಿಡಿಸಿದ. ಕ್ರಿಯೋಲ್ ಎಂಬ ಯುದ್ಧನೌಕೆಯಲ್ಲಿ ಗೊನಾಯಿವ್‌ನಿಂದ ಒಯ್ದು, ಹೀರೋ ಎಂಬ ದೊಡ್ಡ ಹಡಗಿಗೆ ಹತ್ತಿಸಿ, ಹೆಂಡತಿ ಮಕ್ಕಳ ಸಮೇತ ಫ್ರಾನ್ಸಿಗೆ ಸಾಗಿಸಿದರು.

ಸ್ವಿಟ್ಜರ್ಲೆಂಡಿನ ಗಡಿಯ ಹತ್ತಿರ, ಜೂರಾ ಪರ್ವತಗಳಲ್ಲಿ ಜೂ ಎಂಬ ಹಳೆಯ ಕೋಟೆಯಿದೆ. ಕೆರಿಬಿಯನ್ ಸೂರ್ಯನಲ್ಲಿ ಬೆಳೆದವನನ್ನು ಆಗಸ್ಟ್‌ನಲ್ಲಿ ಅಲ್ಲಿನ ತಣ್ಣನೆಯ ಕಲ್ಲಿನ ಕೋಣೆಯಲ್ಲಿ ಹಾಕಿದರು. ವಿಚಾರಣೆ ನಡೆಸಲಿಲ್ಲ. ಜೊತೆಗಿದ್ದ ಸೇವಕನನ್ನೂ ದೂರ ಮಾಡಿದರು. ಆತ ತನ್ನ ಆಡಳಿತದ ಬಗ್ಗೆ ದೀರ್ಘವಾದ ನಿವೇದನೆಯನ್ನು ಬರೆಯಿಸಿ, ತಾನು ಫ್ರಾನ್ಸಿಗೆ ದ್ರೋಹ ಮಾಡಿಲ್ಲ, ವಿಚಾರಣೆಯಾಗಲಿ ಎಂದು ನೆಪೋಲಿಯನ್ನನಿಗೆ ಕಳುಹಿಸಿದ. ಉತ್ತರ ಬರಲಿಲ್ಲ. ಬದಲಿಗೆ ಕಾಗದ ಲೇಖನಿ ಕಿತ್ತುಕೊಂಡರು, ಸೌದೆ ಕಡಿಮೆ ಮಾಡಿದರು. 1803ರ ಏಪ್ರಿಲ್ 7ರ ಬೆಳಿಗ್ಗೆ ಕಾವಲಿನ ಅಧಿಕಾರಿ ಬಾಗಿಲು ತೆರೆದಾಗ ತೂಸಾಂ ಬೆಂಕಿಗೂಡಿನ ಪಕ್ಕ ಕುರ್ಚಿಯಲ್ಲಿ ಕುಳಿತಂತೆಯೇ ಸತ್ತಿದ್ದ.

ಅದರ 41ನೇ ದಿನ, ಮೇ 18ರಂದು, ಬ್ರಿಟನ್ ಮತ್ತೆ ಫ್ರಾನ್ಸಿನ ಮೇಲೆ ಯುದ್ಧ ಸಾರಿತು. ಜಮೈಕಾದ ನೌಕೆಗಳು ಪುನಃ ಸಾಂ ದೊಮಾಂಗ್ ಬಂದರುಗಳ ಮುಂದೆ ಬಂದು ನಿಂತವು. ಈ ಸಲ ಒಳಗೆ ಸಿಕ್ಕಿಬಿದ್ದವರು ಫ್ರೆಂಚರು. ಲೆಕ್ಲೇರ್ ಹಳದಿ ಜ್ವರದಿಂದ 1802ರ ನವೆಂಬರಿನಲ್ಲೇ ಸತ್ತಿದ್ದ. ಇತರ ದ್ವೀಪಗಳಲ್ಲಿ ಗುಲಾಮಗಿರಿಯನ್ನು ಉಳಿಸುವ, ಮರಳಿ ತರುವ ಸುದ್ದಿ ಬಂದೊಡನೆ ದೆಸ್ಸಲೀನ್, ಕ್ರಿಸ್ತೋಫ್, ರಿಗೋನ ಕಡೆಯವನಾಗಿದ್ದ ಪೆತಿಯೋ ಎಲ್ಲರೂ ಒಂದಾಗಿ ಫ್ರಾನ್ಸಿನ ವಿರುದ್ಧ ತಿರುಗಿ ನಿಂತರು. ಲೆಕ್ಲೇರನ ನಂತರ ಬಂದ ರೋಶಾಂಬೋ ಕ್ಯೂಬಾದಿಂದ ಬೇಟೆನಾಯಿಗಳನ್ನು ತರಿಸಿ ಜನರ ಮೇಲೆ ಬಿಡುವಷ್ಟು ಕ್ರೂರಿ. ನೆಲದ ಕಡೆ ದೆಸ್ಸಲೀನ್, ಸಮುದ್ರದ ಕಡೆ ಬ್ರಿಟಿಷ್ ನೌಕೆಗಳು. ಹಿಟ್ಟೂ ಬರಲಿಲ್ಲ, ಹೊಸ ಸೈನಿಕರೂ ಬರಲಿಲ್ಲ. ತೂಸಾಂನನ್ನು ಒಯ್ದ ಕ್ರಿಯೋಲ್ ನೌಕೆಯನ್ನೂ ಆ ದಿಗ್ಬಂಧನದ ಆರಂಭದಲ್ಲೇ ಬ್ರಿಟಿಷರು ಹಿಡಿದರು. ನವೆಂಬರ್ 18ರಂದು ವೆರ್ತಿಯೇರ್‌ನಲ್ಲಿ ಸೋತ ರೋಶಾಂಬೋ, ತಿಂಗಳ ಕೊನೆಗೆ ಉಳಿದ ಸೈನ್ಯದೊಂದಿಗೆ ಬಂದರಿನಿಂದ ಹೊರಟು ಬ್ರಿಟಿಷ್ ಕಮೋಡೋರ್ ಲೋರಿಂಗ್‌ಗೆ ಶರಣಾದ. ಲೋರಿಂಗ್ ಇದ್ದ ಹಡಗಿನ ಹೆಸರು ಬೆಲ್ಲೆರೋಫನ್. ವಾಟರ್ಲೂ ಸೋಲಿನ ನಂತರ, 1815ರ ಜುಲೈ 15ರಂದು, ನೆಪೋಲಿಯನ್ ಸ್ವತಃ ಬ್ರಿಟಿಷರಿಗೆ ಶರಣಾಗಿ ಮೆಟ್ಟಿಲು ಹತ್ತಿದ್ದು ಇದೇ ಹಡಗಿನದ್ದು. ಸೇಂಟ್ ಹೆಲೆನಾದಲ್ಲಿ ಸೆರೆಯಾಳಾಗಿದ್ದಾಗ, ಸಾಂ ದೊಮಾಂಗ್‌ನ್ನು ತೂಸಾಂನ ಮೂಲಕವೇ ಆಳಬೇಕಿತ್ತು ಎಂದು ಆತ ಒಪ್ಪಿಕೊಂಡದ್ದು ದಾಖಲಾಗಿದೆ.

1804ರ ಜನವರಿ 1ರಂದು ದೆಸ್ಸಲೀನ್ ಸ್ವಾತಂತ್ರ್ಯ ಘೋಷಿಸಿ ನಾಡಿಗೆ ಹೈಟಿ ಎಂದು ಹೆಸರಿಟ್ಟ. ಸಮುದ್ರದ ಕಾಟ ಅಲ್ಲಿಗೂ ಮುಗಿಯಲಿಲ್ಲ. 1806ರಲ್ಲಿ ಅಮೆರಿಕ ಹೈಟಿಯೊಡನೆ ವ್ಯಾಪಾರವನ್ನು ನಿಷೇಧಿಸಿತು. 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೇ ಚಾರ್ಲ್ಸ್ 14 ಯುದ್ಧನೌಕೆಗಳನ್ನು ಪೋರ್ಟ್ ಓ ಪ್ರಿನ್ಸ್ ಮುಂದೆ ನಿಲ್ಲಿಸಿ, ತೋಟಗಳ ಮಾಲೀಕರ ನಷ್ಟಕ್ಕೆಂದು 15 ಕೋಟಿ ಫ್ರಾಂಕ್ ಕೊಟ್ಟರೆ ಮಾತ್ರ ಸ್ವಾತಂತ್ರ್ಯಕ್ಕೆ ಮಾನ್ಯತೆ ಎಂದ. 1838ರಲ್ಲಿ ಅದು 9 ಕೋಟಿಗೆ ಇಳಿಯಿತು. ಆ ದಂಡ ಕಟ್ಟಲು ಎತ್ತಿದ ಸಾಲಗಳ ಸರಪಳಿ ತೀರಿದ್ದು 1947ರಲ್ಲಿ.

ತೂಸಾಂನ ಹೆಂಡತಿ ಸುಝಾನ್ 1816ರಲ್ಲಿ ಫ್ರಾನ್ಸಿನ ಆಜಾಂ ಊರಿನಲ್ಲಿ ತೀರಿಕೊಂಡಳು. ಫ್ರಾನ್ಸನ್ನು ಆರಿಸಿಕೊಂಡಿದ್ದ ಮಗ ಇಸಾಕ್ ಬಾರ್ಡೋದಲ್ಲಿ ನೆಲೆಸಿ, ಪ್ಯಾರಿಸಿನಲ್ಲಿ ಕಲಿತ ಭಾಷೆಯಲ್ಲಿ ತಂದೆಯ ನೆನಪುಗಳನ್ನು ಬರೆದಿಟ್ಟು, 1854ರಲ್ಲಿ ಸತ್ತ.